ಕೋಟಿನ ಗುಂಡಿ

ನಡುಗುತ್ತಾ ನಡುಗುತ್ತಾ ಫೋನು ಹೊಲಿಗೆ ಮಿಷನ್ನಿನ ಹಲಗೆಯ ಮೇಲೆ ಕತ್ತರಿಯ ಕಡೆಗೆ ಸರಿಯುತ್ತಿದೆ, ಅಂಗಾತ ಬಿದ್ದ ಜೀರುಂಡೆಯ ಹಾಗೆ, ಇನ್ನೆರಡು ಬೆರಳು ಸರಿದರೆ ಕೆಳಗೆ ಬೀಳುತ್ತದೆ, ಬೀಳಲಿ ಬಿಡು ಅಂದುಕೊಂಡಳು ಚಂದ್ರಮತಿ, ಅದೇ ನಂಬರು, ಕೊನೆಗೆ ಎರಡು ಸೊನ್ನೆ, ಆದರೂ ಕೈ ತಾನಾಗಿ ಹೋಗಿ ತಡೆಯಿತು, ಎತ್ತದೆ ಹಾಗೇ ಅದುಮಿ ಹಿಡಿಯಿತು, ಅಳುವ ಮಗುವಿನ ಬಾಯಿ ಮುಚ್ಚಿದಂತೆ, ಅಂಗೈಯೆಲ್ಲ ಗುಂಯ್ ಅಂತ — ನಿಂತಿತು. ಸದ್ಯ. ಕಾಲು ಗಂಟೆಯ ಹಿಂದೆ ಎತ್ತಿದ್ದೇ ತಪ್ಪು, ಹಲ್ಲಲ್ಲಿ ದಾರ ಕಚ್ಚಿಕೊಂಡು ಗಮನವಿಲ್ಲದೆ ಹಸಿರು ಒತ್ತಿಬಿಟ್ಟಳು, ಒಬ್ಬ ಹೆಂಗಸು, ಬೆಣ್ಣೆಯಂಥ ಮಾತು, ಚಂದ್ರಮತಿ ಮೇಡಂ ಮಾತಾಡ್ತಿರೋದಾ, ನಾವು ಎಚ್‌ಆರ್‌ನಿಂದ ಮೇಡಂ, ಶಿವಾನಿ ಅನ್ನೋರು ನಿಮ್ಮ ಹತ್ರ ಕೆಲಸ ಮಾಡ್ತಿದ್ರಾ — ಮಗಳ ಹೆಸರು ಗುರುತಿಲ್ಲದವರ ಬಾಯಿಂದ ಬಂದದ್ದೇ ಹಲ್ಲಿನ ದಾರ ಉಗಿದಳು, ಎಚ್‌ಆರ್ ಅಂದರೆ ಯಾವ ಊರು, ಇವಳಿಗೆ ನನ್ನ ಹೆಸರು ಕೊಟ್ಟವರು ಯಾರು, ಅವಳ ಹೆಸರು ಕೊಟ್ಟವರು ಯಾರು. ಎದುರುಮನೆಯ ನಾಗರತ್ನನಿಗೂ ಹೀಗೇ ಅಲ್ಲವೆ ಶುರುವಾದದ್ದು, ನಿಮ್ಮ ಹೆಸರಿಗೆ ಪಾರ್ಸೆಲ್ ಬಂದಿದೆ, ಅದರಲ್ಲಿ ಬೇಡದ್ದು ಸಿಕ್ಕಿದೆ, ನಾವು ಪೊಲೀಸರು, ಫೋನಿನ ಮುಂದಿನಿಂದ ಏಳಕೂಡದು ಅಂದದ್ದಕ್ಕೆ ಬೆಳಿಗ್ಗೆಯಿಂದ ಸಂಜೆಯವರೆಗೆ ಒಲೆ ಹಚ್ಚದೆ ಕೈಕಟ್ಟಿ ಕೂತಿದ್ದಳು, ಗಂಡ ಬಂದು ಇದೇನಮ್ಮಿ ಫೋನಿಗೆ ಪೂಜೆ ಮಾಡ್ತಿದ್ದೀಯಾ ಅಂದ ಮೇಲೇ ಎದ್ದದ್ದು. ಅವತ್ತು ಶಿವಾನಿಯೇ ಹೇಳಿಕೊಟ್ಟಳು, ಅಮ್ಮ, ಗೊತ್ತಿಲ್ದಿರೋ ನಂಬರ್ ಎತ್ಲೇಬೇಡ, ಎತ್ತುದ್ರೂ ಹೂಂ ಅನ್ಬೇಡ, ಮನೇಲಿ ಯಾರವ್ರೆ ಯಾರಿಲ್ಲ ಒಂದೂ ಹೇಳ್ಬೇಡ. ಹೇಳಲಿಲ್ಲವಲ್ಲ. ಯಾವ ಶಿವಾನೀನೂ ನನ್ ಹತ್ರ ಕೆಲ್ಸ ಮಾಡಿಲ್ಲ ಕಣ್ರೀ, ಆ ಹೆಸ್ರೇ ಕೇಳಿಲ್ಲ ನಾನು, ಇನ್ನೊಂದ್ಸಲ ಮಾಡುದ್ರೆ ಸ್ಟೇಷನ್ನಿಗೆ ಕೊಡ್ತೀನಿ ಅಂತ ಗದರಿ ಇಟ್ಟಳು, ಇಟ್ಟ ಮೇಲೆ ತನ್ನ ಜಾಣತನಕ್ಕೆ ತಾನೇ ಮೆಚ್ಚಿ ಒಂದು ಲೋಟ ನೀರು ಕುಡಿದಳು. ಒಂದೇ ಒಂದು ಕಿರಿಕಿರಿ — ಇಡುವ ಮುಂಚೆ ಆ ಕಡೆಯಿಂದ ಯಾರೋ ಗಂಟಲು ಸರಿಮಾಡಿಕೊಂಡ ಹಾಗಾಯಿತು, ಎರಡು ಸಲ, ಸಣ್ಣಗೆ, ಬ್ಲೌಸು ತಡವಾಯಿತೆಂದು ಗಿರಾಕಿ ಕೂಗಾಡುವಾಗ ಉತ್ತರ ಕೊಡುವ ಮೊದಲು ಶಿವಾನಿ ಮಾಡುತ್ತಾಳಲ್ಲ, ಥೇಟು ಹಾಗೆ. ಈಗ ಕಂಪ್ಯೂಟರಿನಲ್ಲಿ ಮಕ್ಕಳ ದನಿಯನ್ನೂ ಮಾಡಿ ಕೇಳಿಸುತ್ತಾರಂತೆ, ಟಿವಿಯಲ್ಲಿ ತೋರಿಸಿದರು, ಕೆಮ್ಮು ಮಾಡುವುದೇನು ದೊಡ್ಡದು.

ಕುಕ್ಕರು ಎರಡನೆಯ ಸಲ ಕೂಗಿತು, ಅವರೆಕಾಳಿಗೆ ಇನ್ನೊಂದು ಸಾಕು, ಮಗಳಿಗೆ ಮಾಡಿದ ಫೋನು ಸ್ವಿಚ್ ಆಫ್, ಮತ್ತೆ ಮಾಡಿದಳು, ಸ್ವಿಚ್ ಆಫ್, ಇಂಟರ್‌ವ್ಯೂ ಒಳಗೆ ಹೋಗುವಾಗ ಆಫ್ ಮಾಡಬೇಕೇನೋ, ಅಥವಾ ಇಂಟರ್‌ವ್ಯೂವೇ ಇಲ್ಲವೇನೋ. ಚಾಮರಾಜನಗರದಲ್ಲಿ ಹೊಸದಾಗಿ ಖಾಸಗಿ ಆಸ್ಪತ್ರೆ ಆಗಿದೆ, ಬಾಗಿಲಲ್ಲೇ ಕೂತು ಬಂದವರನ್ನು ವಿಚಾರಿಸುವ ಕೆಲಸ, ನೆರಳಲ್ಲಿ ಕೂರುವ ಕೆಲಸ ಅಮ್ಮ, ಅಂದಳು, ಎಂಟು ಗಂಟೆ ಬಸ್ಸಿಗೆ ಹೊರಟಳು, ನೀಲಿ ಫೈಲು, ತಿಳಿ ಬೂದಿಬಣ್ಣದ ಚೂಡಿದಾರ, ಅದನ್ನು ಹೊಲಿದದ್ದು ತಾನೇ, ಎರಡು ಸಲ ಬಿಚ್ಚಿ ಹೊಲಿದದ್ದು, ಹಣೆಗೆ ವಿಭೂತಿ ಇಟ್ಟುಕೊಂಡು ಆಮೇಲೆ ಕನ್ನಡಿಯಲ್ಲಿ ನೋಡಿ ಅರ್ಧ ಒರೆಸಿಕೊಂಡಳು, ಯಾಕೆ ಒರೆಸುತ್ತೀಯಾ ಅಂದರೆ ಇರ್ಲಿ ಬುಡು ತಿಳಿಯಾಗಿದ್ರೆ ಸಾಕು ಅಂದಳು. ಜೊತೆಗೆ ಬರುತ್ತೇನೆ ಅಂದದ್ದಕ್ಕೆ ಬೇಡವೇ ಬೇಡ ಅಂದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ತಿರುಗಿ, ಅಮ್ಮ, ನಿಂಗೊಂದ್ ವಿಷ್ಯ ಹೇಳ್ಬೇಕಿತ್ತು — ಅಂದಳಲ್ಲ, ಆಗ ಗಂಟಲು ಸರಿಮಾಡಿಕೊಂಡಳಲ್ಲ, ತಾನು ಕೇಳಿದ್ದು ಒಂದೇ ಮಾತು, ಯಾರವ್ನು? ಹುಡುಗಿ ಮುಖ ಕಲ್ಲಾಯಿತು, ನಕ್ಕಳೋ ಏನೋ, ಏನಿಲ್ಲ ಬುಡಮ್ಮ ಅಂತ ಹೊರಟೇಹೋದಳು. ಇಲ್ಲದಿದ್ದರೆ ಯಾರೂ ಇಲ್ಲ ಅನ್ನಬೇಕಿತ್ತಲ್ಲ, ಏನಿಲ್ಲ ಯಾಕೆ ಅಂದಳು. ಒಂಬತ್ತಕ್ಕೆ ತೆರಕಣಾಂಬಿ ದಾಟಿರಬೇಕು, ಉಡಿಗಾಲದ ಹತ್ತಿರ ರಸ್ತೆ ಅಗೆದಿದ್ದಾರಂತೆ, ಆದರೂ ಹತ್ತಕ್ಕೆ ಇಳಿದಿರುತ್ತಾಳೆ, ಈಗ ಹನ್ನೊಂದೂವರೆ.

ಬೀದಿಯ ಕೊನೆಯಲ್ಲಿ ಈರುಳ್ಳಿ ಲಾರಿಗಳು ಕೇರಳದ ಕಡೆಗೆ ಹೋಗುತ್ತಲೇ ಇವೆ, ಗಾಜಿನ ಲೋಟ ಸಣ್ಣಗೆ ಅದುರುತ್ತದೆ, ಕೈ ಸುಮ್ಮನಿದ್ದರೆ ತಲೆ ಕೆಡುತ್ತದೆ, ಗಿರಾಕಿ ಭಾಗ್ಯನ ಬ್ಲೌಸಿನ ತೋಳಿಗೆ ಪ್ಯಾಟರ್ನು ಕತ್ತರಿಸಿಬಿಡೋಣವೆಂದು ರದ್ದಿ ಕಾಗದದ ಕಟ್ಟಿಗೆ ಕೈ ಹಾಕಿದಳು, ಬಂದದ್ದು ಹಳೇ ಪೇಪರಲ್ಲ, ಬಿಳಿ ಹಾಳೆ, ನಡುವೆ ಮಸಿ ಹರಿದು ಕೆಟ್ಟ ಪ್ರಿಂಟು, ಮೇಲೆ ಮೂಲೆಯಲ್ಲಿ ಮಗಳ ಫೋಟೊ. ಶಿವಾನಿಯೇ. ಆದರೆ ಕೋಟು ಹಾಕಿದ ಶಿವಾನಿ. ಕಪ್ಪು ಕೋಟು, ಒಳಗೆ ಬಿಳಿ ಕಾಲರು. ಈ ಮನೆಯಲ್ಲಿ ಮೂರು ತಲೆಮಾರಿನಿಂದ ಯಾರೂ ಕೋಟು ತೊಟ್ಟಿಲ್ಲ, ಅವಳ ಅಪ್ಪ ರಾಜಶೇಖರ ಮದುವೆಯಲ್ಲೂ ಸೆಖೆ ಅಂತ ಬರೀ ಶರಟಿನಲ್ಲಿ ಕೂತವನು, ಎಲ್ಲಿಂದ ಬಂತು ಇದು. ಕನ್ನಡಕ ಹಾಕಿಕೊಂಡಳು. ಭುಜ ನೋಡು. ಶಿವಾನಿಯ ಭುಜ ಹದಿಮೂರು ಮುಕ್ಕಾಲು ಇಂಚು, ಅಳತೆಯ ಪುಸ್ತಕ ನೋಡುವುದೇ ಬೇಡ, ಆರನೆಯ ಕ್ಲಾಸಿನಲ್ಲಿ ಹತ್ತೂವರೆ ಇತ್ತು, ಈ ಕೋಟಿನದು ಹದಿನೇಳಕ್ಕೆ ಒಂದು ನೂಲೂ ಕಮ್ಮಿ ಇಲ್ಲ, ತೋಳು ಕೂಡುವ ಹೊಲಿಗೆ ಎಲ್ಲೋ ಕೆಳಗೆ ಬಿದ್ದಿದೆ, ಅಂದರೆ ಯಾರದೋ ಕೋಟು. ಫೋಟೊದ ಕೆಳ ಅಂಚಿನಲ್ಲಿ ಒಂದೇ ಒಂದು ಗುಂಡಿ. ಆ ಗುಂಡಿಯ ಹತ್ತಿರ ಕಣ್ಣು ಹೋಗಿ ನಿಂತಿತು — ಎಡಗಡೆ ಬಲಗಡೆಯ ಮೇಲೆ ಬಂದಿದೆ. ಇಪ್ಪತ್ತೆರಡು ವರ್ಷ ಹೊಲಿದ ಕಣ್ಣು ಇದು, ಹೆಂಗಸರ ಬಟ್ಟೆಯಲ್ಲಿ ಬಲಗಡೆ ಮೇಲೆ ಬರಬೇಕು, ಎಡ ಮೇಲೆ ಬಂದರೆ ಗಂಡಸರದು, ಗಂಡಸರ ಕೋಟು ತೊಟ್ಟು ನಿಂತಿದ್ದಾಳೆ ಮಗಳು, ಬಿಚ್ಚಿಕೊಟ್ಟವನು ಪಕ್ಕದಲ್ಲೇ ನಿಂತಿದ್ದನೇ. ಆ ಹಂಗಳದ ರೇವಂತ್, ಮೊಬೈಲ್ ಅಂಗಡಿಯವನು, ಅವರಮ್ಮನ ಒಂದೇ ಬ್ಲೌಸಿಗೆ ಮೂರು ಸಲ ಬಂದಿದ್ದ, ಒಮ್ಮೆ ಹುಕ್ಕು ಅಂತ, ಒಮ್ಮೆ ತೋಳು ಅಂತ, ಇನ್ನೊಮ್ಮೆ ಏನೂ ನೆನಪಾಗದೆ, ಬ್ಲೌಸು ಚೆನ್ನಾಗಿದೆ ಆಂಟಿ ಅನ್ನೋಕೆ ಬಂದೆ ಅಂತ, ಅವನ ಭುಜ ಹದಿನೇಳು ಇದ್ದೇ ಇರುತ್ತದೆ, ಅಳತೆ ತೆಗೆಯದೆಯೂ ಹೇಳಬಲ್ಲೆ. ಫೋನು ಆಫು, ಜೊತೆಗೆ ಬರಬೇಡ, ಏನಿಲ್ಲ ಬುಡಮ್ಮ, ಎಚ್‌ಆರ್, ಗಂಡಸರ ಗುಂಡಿ — ಒಂದಕ್ಕೊಂದು ಕೂಡಿಸಿ ಹೊಲಿದ ಹಾಗೆ ಕೂರುತ್ತಿದೆ ಎಲ್ಲ, ಕುಕ್ಕರು ಮೂರನೆಯ ಸಲ ಕೂಗಿದ್ದು ಕೇಳಿಸಲೇ ಇಲ್ಲ, ನಾಲ್ಕಕ್ಕೆ ಓಡಿದಳು.

ಒಲೆ ಆರಿಸಿ ಬರುವಷ್ಟರಲ್ಲಿ ಭಾಗ್ಯ ಬಾಗಿಲಲ್ಲಿ, ಹಿಂದಿನ ಬೀದಿಯ ಹುಡುಗಿ, ತಂಗಿ ಮದುವೆಗೆ ಹಸಿರು ರೇಷ್ಮೆ ಬ್ಲೌಸು ಕೊಟ್ಟವಳು, ಆಯ್ತೇನಕ್ಕ, ಬರೋ ಸೋಮ್ವಾರ ಮದ್ವೆ, ನನ್ ಬ್ಲೌಸು ಇನ್ನೂ ಪೇಪರಲ್ಲೇ ಅದ, ಅಂತ ನಗುತ್ತಾ ಒಳಗೆ ಬಂದವಳು ಹಲಗೆಯ ಮೇಲಿನ ಹಾಳೆ ಎತ್ತಿಕೊಂಡಳು, ಅಯ್ಯೋ ಶಿವಾನಿ! ಲಾಯರಮ್ಮ ಕಂಡಂಗೆ ಕಾಣ್ತಾಳಲ್ಲಕ್ಕ. ಕೇಳಬೇಕೋ ಬೇಡವೋ, ಊರಿಗೆಲ್ಲ ಹೇಳಿಬಿಡುತ್ತಾಳೋ, ಕೇಳಿಯೇಬಿಟ್ಟಳು, ಆ ಕೋಟು ಯಾರ್ದು ಭಾಗ್ಯ? ಭಾಗ್ಯ ಹೊಟ್ಟೆ ಹಿಡಿದುಕೊಂಡು ನಕ್ಕಳು. ಯಾರ್ದೂ ಅಲ್ಲ ಕಣಕ್ಕ, ಸ್ಟುಡಿಯೋದವ್ರು ಕಂಪ್ಯೂಟರಲ್ಲಿ ಆಕ್ಬುಡ್ತಾರೆ, ಕತ್ತಿನ ಕೆಳುಗೆ ಅಂಟುಸ್ತಾರೆ ಅಷ್ಟೆ, ನಮ್ ತಮ್ಮ ಚಂದ್ರಕುಮಾರ ಸೆಕ್ಯೂರಿಟಿ ಕೆಲ್ಸಕ್ಕೆ ಆಕ್ದಾಗ್ಲೂ ಇದೇ ಕೋಟು, ಇದೇ ಗುಂಡಿ, ಊರಿಗೆಲ್ಲ ಒಂದೇ ಕೋಟು ಕಣಕ್ಕ, ಒಗೀಯಂಗಿಲ್ಲ, ಇಸ್ತ್ರಿ ಮಾಡಂಗಿಲ್ಲ! ಚಂದ್ರಮತಿಗೂ ನಗು ಬಂತು, ರೇವಂತನ ಭುಜ ಅಷ್ಟು ಹೊತ್ತು ಅಳೆದದ್ದಕ್ಕೆ ನಾಚಿಕೆಯೂ ಬಂತು, ಅಷ್ಟರಲ್ಲಿ ಭಾಗ್ಯ ಹಾಳೆಯ ಮೇಲೆ ಬೆರಳಿಟ್ಟು, ಅಲ್ಲಕ್ಕ, ಈ ಬಯೋಡೇಟಾದಲ್ಲಿ ನಿಮ್ಮೆಸ್ರೂ ಅದ, ಅಂದಳು. ಓದಿ ಹೇಳಿದಳು, ಡಿಗ್ರಿ ಓದಿದವಳು, ಇಂಗ್ಲಿಷನ್ನು ಕನ್ನಡ ಮಾಡಿ. ಅನುಭವ, ಎರಡು ವರ್ಷ, ಚಂದ್ರಮತಿ ಲೇಡೀಸ್ ಟೈಲರಿಂಗ್, ಗುಂಡ್ಲುಪೇಟೆ. ಗಿರಾಕಿಗಳ ಜೊತೆ ಮಾತು, ಅಳತೆ ಬರೆದುಕೊಳ್ಳುವುದು, ದಿನ ಗೊತ್ತುಮಾಡುವುದು, ದೂರು ಬಂದರೆ ಸಮಾಧಾನ ಹೇಳುವುದು. ವಿಚಾರಿಸಬೇಕಾದವರು, ಚಂದ್ರಮತಿ, ಮಾಲೀಕರು — ಪಕ್ಕದಲ್ಲಿ ನಿಮ್ ನಂಬರ್ ಅದ ಕಣಕ್ಕ, ಅವ್ರು ಫೋನ್ ಮಾಡಿ ಕೇಳ್ತಾರೆ, ಇವಳು ನಿಮ್ಮತ್ರ ಕೆಲ್ಸ ಮಾಡಿದ್ದು ನಿಜ್ವಾ ಅಂತ, ಮಾಡುದ್ರಾ?

ಮಾಡಿದರು. ಎರಡು ಸಲ ಮಾಡಿದರು. ಭಾಗ್ಯ ಯಾವಾಗ ಎದ್ದು ಹೋದಳೋ, ಬ್ಲೌಸು ಯಾವಾಗ ಅಂದಳೋ, ಏನೋ ಹೇಳಿ ಕಳಿಸಿದಳು, ಚಂದ್ರಮತಿ ಲೇಡೀಸ್ ಟೈಲರಿಂಗ್ ಅಂತೆ, ಈ ಮನೆಗೆ ಬೋರ್ಡೇ ಇಲ್ಲ, ಮುಂದಿನ ರೂಮು, ಒಂದು ಮಿಷನ್ನು, ಒಂದು ಬೆಂಚು, ಮಾಲೀಕರು ಅಂತೆ, ಅಮ್ಮನಿಗೂ ಕತ್ತಿನ ಕೆಳಗೆ ಒಂದು ಕೋಟು ಅಂಟಿಸಿದ್ದಾಳೆ ಹುಡುಗಿ. ಆದರೆ ಸುಳ್ಳು ಯಾವುದು ಅದರಲ್ಲಿ. ಡಿಗ್ರಿ ಮುಗಿದಂದಿನಿಂದ ಆ ಬೆಂಚಿನಲ್ಲಿ ಕೂತವಳು ಅವಳೇ ತಾನೆ, ತೋಳು ಬಿಗಿಯಾಯಿತು ಅಂತ ಬ್ಲೌಸನ್ನು ಮುಖಕ್ಕೆ ಎಸೆದ ಗುರುಸಿದ್ದಮ್ಮನಿಗೆ ಗಂಟಲು ಸರಿಮಾಡಿಕೊಂಡು, ಕೂತ್ಕೊಳಿ ಅಜ್ಜಿ, ಟೀ ಕುಡೀರಿ, ನಿಮ್ ಕಣ್ಮುಂದೇನೇ ಬಿಚ್ಕೊಡ್ತೀವಿ ಅಂದು ನಗಿಸಿ ಕಳಿಸಿದವಳು ಅವಳೇ ತಾನೆ, ಮತ್ತೆ ಮಗಳೇನ್ ಮಾಡ್ತಾವ್ಳೆ ಅಂತ ಕೇಳಿದವರಿಗೆಲ್ಲ ತಾನು ಹೇಳುತ್ತಿದ್ದದ್ದು ಏನು, ಏನಿಲ್ಲ, ಸುಮ್ನೆ ಮನೇಲವ್ಳೆ. ಎರಡು ವರ್ಷ ಅದನ್ನೇ ಹೇಳಿ ಹೇಳಿ ಇವತ್ತು ಫೋನಿನಲ್ಲೂ ಅದನ್ನೇ ಹೇಳಿದ್ದಾಳೆ, ನನ್ನ ಹತ್ತಿರ ಯಾರೂ ಕೆಲಸ ಮಾಡಿಲ್ಲ. ಗಂಟಲು ಸರಿಮಾಡಿಕೊಂಡದ್ದು ಕಂಪ್ಯೂಟರಲ್ಲ. ಅವಳು ಅಲ್ಲೇ ಇದ್ದಳು, ಆ ಮೇಜಿನ ಎದುರಿಗೇ, ಕೇಳಿಸಿಕೊಂಡಳು, ಆ ಹೆಸ್ರೇ ಕೇಳಿಲ್ಲ ನಾನು. ಕೈ ಒರೆಸಿಕೊಂಡಳು, ಸೆರಗು ಸರಿಮಾಡಿಕೊಂಡಳು, ಯಾರು ನೋಡುತ್ತಾರೆಂದು ಸೆರಗು, ಎರಡು ಸೊನ್ನೆಯ ನಂಬರನ್ನು ತಾನೇ ಒತ್ತಿದಳು, ಸ್ವಾಮಿ ಮಾದಪ್ಪ, ಫೋನು ಎತ್ತಿಸಪ್ಪಾ, ಒಂದು ರಿಂಗು, ಎರಡು, ಮೂರು, ಹಲೋ ಅಂದಳು ಅದೇ ಹೆಂಗಸು, ಈಗ ಬೆಣ್ಣೆ ಇಲ್ಲ ಮಾತಿನಲ್ಲಿ. ಮೇಡಂ, ನಾನು ಚಂದ್ರಮತಿ, ಟೈಲರಿಂಗ್ ಮಾಲೀಕಳು, ಶಿವಾನಿ ನನ್ ಹತ್ರಾನೇ ಕೆಲ್ಸ ಮಾಡಿದ್ದು ಮೇಡಂ, ಎರಡು ವರ್ಷ, ಬಾಳ ಚೆನ್ನಾಗಿ ಮಾಡವ್ಳೆ. ಆಗ ಹೆಸರೇ ಕೇಳಿಲ್ಲ ಅಂದ್ರಲ್ಲ ಮೇಡಂ, ಅಂದಳು ಆ ಹೆಂಗಸು, ಈಗ ಯಾರಾದ್ರೂ ಹೇಳಿಕೊಟ್ರಾ? ಇಲ್ಲ ಮೇಡಂ, ಮೋಸದ ಫೋನು ಅಂದ್ಕೊಂಡೆ. ಸರಿ, ನೀವು ಅವರಿಗೆ ಏನಾಗಬೇಕು? ಈ ಪ್ರಶ್ನೆಗೆ ಶಿವಾನಿ ಏನು ಬರೆದಿದ್ದಾಳೋ ಹಾಳೆಯಲ್ಲಿ, ಭಾಗ್ಯ ಅದನ್ನು ಓದಲಿಲ್ಲವಲ್ಲ, ಏನೂ ಆಗಬೇಕಿಲ್ಲ ಅಂದರೆ ಕೆಲಸ ಉಳಿಯುತ್ತದೆಯೇನೋ, ಒಂದು ದಿನದಲ್ಲಿ ಎರಡು ಸಲ ಮಗಳಲ್ಲ ಅಂದ ಹಾಗಾಗುತ್ತದೆ, ತಾಯಿ ಅಂದರೆ ಮುಗಿಯಿತು, ತಾಯಿಯ ಮಾತನ್ನು ಯಾರು ನಂಬುತ್ತಾರೆ. ತಾಯಿ, ಅಂದಳು. ತಾಯಿ ಮೇಡಂ. ಕೆಲ್ಸ ಕೊಟ್ಟೋಳೂ ನಾನೇ, ಕೂಗಾಡೋ ಗಿರಾಕಿಗಳ ಮುಂದೆ ಅವಳ್ನ ಕೂರ್ಸಿ ಒಳುಗ್ ಹೋಗ್ತಿದ್ದೋಳೂ ನಾನೇ, ಆಗ ಗೊತ್ತಿಲ್ಲ ಅಂದೋಳೂ ನಾನೇ, ಅವಳ್ದೇನೂ ತಪ್ಪಿಲ್ಲ. ಆ ಕಡೆ ಟಕಟಕ ಏನೋ ಒತ್ತುವ ಸದ್ದು, ಅದರ ಹಿಂದೆ, ದೂರದಲ್ಲಿ, ಗಂಟಲು ಸರಿಮಾಡಿಕೊಂಡರು ಯಾರೋ, ಎರಡು ಸಲ, ಸಣ್ಣಗೆ, ಈಗ ಮಾತು ಬರುತ್ತದೆ, ಯಾವಾಗಲೂ ಅದಾದ ಮೇಲೆ ಅವಳ ಮಾತು ಬರುತ್ತದೆ, ಕಾದಳು, ಬರಲಿಲ್ಲ. ಸರಿ ಮೇಡಂ, ಬರ್ಕೊಂಡಿದೀನಿ, ಅಂದಳು ಆ ಹೆಂಗಸು, ಇಟ್ಟಳು. ಬರೆದುಕೊಂಡದ್ದು ಯಾವುದನ್ನು, ಮೊದಲು ಹೇಳಿದ್ದನ್ನೋ, ಆಮೇಲೆ ಹೇಳಿದ್ದನ್ನೋ, ಯಾವುದನ್ನು, ಫೋನು ಸುಮ್ಮನಿದೆ, ಮಿಷನ್ನು ಸುಮ್ಮನಿದೆ, ಹಾಳೆಯ ಮೂಲೆಯಿಂದ ಮಗಳು ನೋಡುತ್ತಿದ್ದಾಳೆ, ಹದಿಮೂರು ಮುಕ್ಕಾಲಿನ ಭುಜದ ಮೇಲೆ ಊರಿನ ಕೋಟು, ಅಂಚಿನಲ್ಲಿ ಆ ಗುಂಡಿ, ಬಿಚ್ಚಿ ಈ ಕಡೆಗೆ ಹಾಕಿಕೊಡಬಹುದಿತ್ತು, ಎರಡು ನಿಮಿಷದ ಕೆಲಸ, ಕಾಗದದ ಮೇಲೆ ಹೆಬ್ಬೆರಳಿಟ್ಟು ಉಜ್ಜಿದಳು, ಎಡಗಡೆ ಬಲಗಡೆಯ ಮೇಲೆ, ಆ ಕಡೆಗೇ, ಆ ಗುಂಡಿ.