ಫೋನಿನಲ್ಲಿ ಬಂದ ಅಪ್ಪಣೆ

ಇದು ನಡೆದದ್ದೇ ಕಣ್ರೀ. ನಾನು ಸುಳ್ಳು ಹೇಳುವುದು ಬೇರೆಯವರ ಗಂಟಲಿನಲ್ಲಿ ಮಾತ್ರ; ಇದನ್ನು ಹೇಳುತ್ತಿರುವುದು ನನ್ನದೇ ಗಂಟಲು.

೧೯೫೮ರಲ್ಲಿ, ನಾನು ಕೆಲಸಕ್ಕಿದ್ದ ಗ್ರಂಥಾಲಯವನ್ನೂ ಪಕ್ಕದಲ್ಲಿದ್ದ, ಸರ್ಕಾರಿ ಕಾಗದಪತ್ರಗಳ ಹಳೇ ದಫ್ತರಖಾನೆಯನ್ನೂ ಸೇರಿಸಿ ಒಂದೇ ಸಂಸ್ಥೆ ಮಾಡಿದರು. ನಡುವಿನ ಗೋಡೆ ಒಡೆದು ಬಾಗಿಲಿಟ್ಟ ದಿನ, "ಗ್ರಂಥಾಲಯ ಹೋಗಿ ಗ್ರಂಥಲಯ ಆಯ್ತು," ಎಂದೆ. ಎಲ್ಲರೂ ನಕ್ಕರು, ದಫ್ತರಖಾನೆಯ ಶಿವಲಿಂಗಯ್ಯನವರೊಬ್ಬರನ್ನು ಬಿಟ್ಟು.

ಅವರಿಗೆ ಭಯ; ಅದಕ್ಕೆ ಕಾರಣವೂ ಇತ್ತು. ಹತ್ತು ವರ್ಷ ಯಾರೂ ಕೇಳದ ಪುಸ್ತಕವನ್ನು ರದ್ದಿಗೆ ಹಾಕುವುದು ನಮ್ಮ ಗ್ರಂಥಾಲಯದ ಪದ್ಧತಿ. ಇನ್ನೊಂದು ಪ್ರತಿ ಎಲ್ಲಾದರೂ ಸಿಗುತ್ತದಲ್ಲ. ದಫ್ತರಖಾನೆಯಲ್ಲಿ ಪ್ರತಿ ಕಾಗದವೂ ಒಂದೇ ಒಂದು. ಹೆಬ್ಬಾಳದ ಕೆರೆಯ ನಕ್ಷೆ, ಹಳ್ಳಿಗಳ ಗಡಿ ತೀರ್ಪು, ಎಲ್ಲವೂ ಕೆಂಪು ಬಟ್ಟೆಯ ಗಂಟುಗಳಲ್ಲಿ. ಮೂವತ್ತೊಂದು ವರ್ಷದಿಂದ ಅವನ್ನು ಬಿಚ್ಚಿ, ಬೇವಿನ ಸೊಪ್ಪಿಟ್ಟು, ಮತ್ತೆ ಕಟ್ಟಿದ್ದು ಶಿವಲಿಂಗಯ್ಯನವರ ಕೈ.

"ನಿಮ್ಮ ಪದ್ಧತಿ ನಮ್ಮ ಕೋಣೆಗೆ ಬಂದ್ರೆ ಮುಗೀತು ಕಣಯ್ಯ," ಅನ್ನುತ್ತಿದ್ದರು.

ಆ ಭಯವೇ ನನಗೆ ಆಟವಾಯಿತು. ಹೊಸ ನಿರ್ದೇಶಕ ನಂಜುಂಡಸ್ವಾಮಿಯವರ ದನಿ ನನ್ನ ಗಂಟಲಿಗೆ ಚೆನ್ನಾಗಿ ಕೂತಿತ್ತು: ಮೊದಲಿಗೆ ಒಣ ಕೆಮ್ಮು, ಕೊನೆಗೆ 'ತಿಳೀತೇ?'. ಒಂದು ಸೋಮವಾರ ಮಧ್ಯಾಹ್ನ ಕಚೇರಿಯ ಫೋನು ಎತ್ತಿ, ಎರಡು ಸಲ ಕೆಮ್ಮಿದೆ.

"ಶಿವಲಿಂಗಯ್ಯನವರೇ, ಹತ್ತು ವರ್ಷದಿಂದ ಯಾರೂ ಕೇಳದ ಗಂಟುಗಳನ್ನೆಲ್ಲ ಕಾಗದದ ಕಾರ್ಖಾನೆಗೆ ಕಳಿಸಿ. ತಿಳೀತೇ?"

ಆ ಕಡೆ ಪುಟ ಮಗುಚಿದ ಸದ್ದು. ಆಮೇಲೆ, "ಅಪ್ಪಣೆ, ಸ್ವಾಮಿ."

ಟೈಪಿಸ್ಟ್ ಪ್ರೇಮಲೀಲಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಸಂಜೆ ನಿಜ ಹೇಳಿದರಾಯಿತು ಅಂದುಕೊಂಡೆ. ಸಂಜೆ ಮರೆತೆ.

ನನಗೆ ಗೊತ್ತಿರದಿದ್ದದ್ದು ಇಷ್ಟು: ದಫ್ತರಖಾನೆಯಲ್ಲಿ ಬಾಯಿಮಾತಿನ ಅಪ್ಪಣೆಯನ್ನು ವೇಳೆ ಸಮೇತ ಪುಸ್ತಕದಲ್ಲಿ ಬರೆದು, ಮಾರನೇ ಬೆಳಿಗ್ಗೆ ಅಪ್ಪಣೆ ಕೊಟ್ಟವರ ಸಹಿಗೆ ಕಳಿಸುತ್ತಿದ್ದರು. ಸಹಿ ಬಿದ್ದರೆ ಅದು ಆದೇಶ.

ಬುಧವಾರ ಅಂಗಳದಲ್ಲಿ ಲಾರಿ ನಿಂತಿತ್ತು. ಕೆಂಪು ಗಂಟುಗಳು ಕೈಯಿಂದ ಕೈಗೆ ದಾಟುತ್ತಿದ್ದವು.

ನಿರ್ದೇಶಕರ ಕೋಣೆಗೆ ಓಡಿದೆ. "ಸಾರ್, ಅದು ತಾವು ಹೇಳಿದ್ದಲ್ಲ. ತಮ್ಮ ದನಿಯಲ್ಲಿ ನಾನು..."

ನಂಜುಂಡಸ್ವಾಮಿ ಒಮ್ಮೆ ಕೆಮ್ಮಿದರು. ಅಪ್ಪಣೆಯ ಪುಸ್ತಕ ತೆರೆದು ತಮ್ಮ ಸಹಿಯ ಮೇಲೆ ಬೆರಳಿಟ್ಟರು.

"ಸೋಮವಾರ, ಎರಡೂಕಾಲು ಗಂಟೆ. ನಾನೇ ಹೇಳಿದ್ದು. ಚೆನ್ನಾಗಿ ನೆನಪಿದೆ. ಓದುವವರಿಗೆ ಜಾಗವೂ ಬೇಕಿತ್ತು. ತಿಳೀತೇ?"

ಇದುವರೆಗೆ ನಾನು ಅವರನ್ನು ಅನುಕರಿಸುತ್ತಿದ್ದೆ. ಈಗ ಅವರು ನನ್ನನ್ನು ಅನುಕರಿಸುತ್ತಿದ್ದರು.

ಅಂಗಳಕ್ಕೆ ಬಂದೆ. ಶಿವಲಿಂಗಯ್ಯ ಮೆಟ್ಟಿಲ ಮೇಲೆ ಕೂತಿದ್ದರು. ಹಣೆಯ ವಿಭೂತಿ ಬೆವರಿಗೆ ಕದಡಿತ್ತು.

"ಅಯ್ಯನೋರೇ, ತಪ್ಪಾಯ್ತು. ಫೋನಲ್ಲಿ ಮಾತಾಡಿದ್ದು..."

"ನೀನೇ ಅಂತ ಗೊತ್ತು ಕಣೋ. ಸಾಹೇಬ್ರು ಒಂದ್ಸಲ ಕೆಮ್ತಾರೆ. ನೀನು ಎರಡ್ಸಲ ಕೆಮ್ಮಿದೆ."

"ಮತ್ಯಾಕೆ ಬರೆದ್ರಿ?"

"ನಿನ್ನ ಸಿಗಾಕ್ಸೋಣ ಅಂತ! 'ಯಾವನು ಇದು ಹೇಳಿದ್ದು' ಅಂತ ಸಾಹೇಬ್ರು ಕೂಗಾಡಿ, ನಿನ್ನ ಕಿವಿ ಹಿಂಡ್ತಾರೆ ಅಂದ್ಕೊಂಡೆ. ಅವ್ರು ನೋಡಿದ್ರೆ ಸಹಿ ಹಾಕ್ಬುಟ್ರಲ್ಲೋ!"

ಅವರ ಭುಜ ಅಲುಗಿತು. ಅಳುತ್ತಿದ್ದಾರೆ ಅಂದುಕೊಂಡೆ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಳಗೆ ಪ್ರೇಮಲೀಲಾ ಅವರ ಟೈಪಿಂಗ್ ನಿಂತಿತು. ಲಾರಿ ಗುಡುಗುತ್ತ ಗೇಟು ದಾಟಿತು; ಅದಕ್ಕಿಂತ ಜೋರಾಗಿ ಶಿವಲಿಂಗಯ್ಯ ನಗುತ್ತಲೇ ಇದ್ದರು.