ಸಾಂದರ್ಭಿಕ ಚಿತ್ರ

ಅತ್ತೆ ಸತ್ತ ಮೇಲೆ ಮೊದಲ ಸಲ ಕಾಣಿಸಿಕೊಂಡದ್ದು ಮಂಡಿನೋವಿನ ಸುದ್ದಿಯ ಪಕ್ಕದಲ್ಲಿ. ಅಡುಗೆಮನೆಯ ಕಿಟಕಿ ಹತ್ತಿರ ಕೂತು, ಗಲ್ಲಕ್ಕೆ ಕೈ ಕೊಟ್ಟು ಹೊರಗೆ ನೋಡುತ್ತಿರುವ ಫೋಟೋ. ಕೆಳಗೆ ‘ಸಾಂದರ್ಭಿಕ ಚಿತ್ರ’ ಎಂದು ಬರೆದಿತ್ತು. ಮನೆಮಂದಿಯನ್ನೆಲ್ಲ ಬೆರಳ ತುದಿಯಲ್ಲಿ ಕುಣಿಸಿದ ಹೆಂಗಸಿಗೆ ಎಂಥ ಹೆಸರು! ನನಗೆ ಮೊದಲು ನಗುವೇ ಬಂತು.

ಆ ಫೋಟೋ ತೆಗೆದವರು ಮಾವ. ಸುದ್ದಿ ವೆಬ್‌ಸೈಟಿನವರು ಸ್ಪರ್ಧೆಗೆಂದು ಓದುಗರಿಂದ ಫೋಟೋ ಕೇಳಿದ್ದಾಗ ಅದನ್ನು ಕಳಿಸಿದವರು ಸ್ವತಃ ಅತ್ತೆ. ಕಳಿಸುವ ಮುಂಚೆ ನಿಯಮ, ಷರತ್ತು ಅಂತ ಮುಗಿಯದ ಪುಟವೊಂದು ತೆರೆದುಕೊಂಡಿತು.

“ಓದಿ ಒತ್ತಿ ಅತ್ತೆ,” ಅಂದೆ.

“ಇದನ್ನೆಲ್ಲ ಓದ್ತಾ ಕೂತ್ರೆ ಫೋಟೋದಲ್ಲಿರೋ ಮುಖಕ್ಕೂ ವಯಸ್ಸಾಗತ್ತೆ,” ಅಂತ ಒಪ್ಪಿಗೆ ಒತ್ತೇಬಿಟ್ಟರು. ಬಹುಮಾನ ಬರಲಿಲ್ಲ, ಫೋಟೋವೂ ಸೈಟಿನಲ್ಲಿ ಬರಲಿಲ್ಲ. ಮೂತಿ ಉಬ್ಬಿಸಿಕೊಂಡು ಓಡಾಡಿದರು. ಅದೇ ವರ್ಷ ಎದೆನೋವು ಬಂದು ಹೋಗಿಬಿಟ್ಟರು.

ಮಾವ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಕೈಗೆ ಸಿಕ್ಕಿದ್ದನ್ನು ಬಿಟ್ಟು ಬೇರೇನನ್ನೂ ನಂಬಿದವರಲ್ಲ. ಅಂಥವರು ಮಂಡಿನೋವಿನ ಸುದ್ದಿಯನ್ನು ಪೂರ್ತಿ ಓದಿ, ಗೋಡೆ ಹಿಡಿದುಕೊಂಡು ಕಾಲು ಎತ್ತಿ ಇಳಿಸತೊಡಗಿದರು. “ಅವಳು ಹೇಳ್ತಿದಾಳೆ, ಮಾಡ್ಬೇಕಲ್ಲ,” ಅಂದರು. ತಮಾಷೆ ಅಂದುಕೊಂಡೆ.

ನಿದ್ದೆ ಬಾರದವರ ಸುದ್ದಿ, ನೀರು ಪೋಲು ಮಾಡುವವರ ಸುದ್ದಿ, ಎಲ್ಲದರ ಪಕ್ಕದಲ್ಲೂ ಅತ್ತೆ ಬಂದು ಕೂರತೊಡಗಿದರು. ಸುದ್ದಿಯಲ್ಲಿ ಹೇಳಿದ್ದನ್ನೆಲ್ಲ ಮಾವ ಮಾಡಿದರು. ಒಂದು ಬೆಳಿಗ್ಗೆ ಹಳೆಯ ಗ್ಯಾಸ್ ಪೈಪಿನ ಅಪಾಯದ ಬಗ್ಗೆ ಬಂದಿತ್ತು. ಮಾವ ಒಲೆಯ ಕೆಳಗೆ ಬಗ್ಗಿ ಪೈಪು ಕಳಚಿ ತಂದು ನನ್ನ ಮುಂದೆ ಹಿಡಿದರು. ಉದ್ದಕ್ಕೂ ಸೀಳು ಬಿಟ್ಟಿತ್ತು.

“ನೋಡಿದ್ಯಾ?”

ಅವತ್ತಿನಿಂದ ನಾನು ಕೆಲಸ ಮಾಡುವ ಔಷಧಿ ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ನಾನೂ ಕದ್ದು ಆ ಸೈಟು ತೆರೆದು ನೋಡುವಂತಾಯಿತು. ಮನೆಯಲ್ಲಿ ಅಡುಗೆ ಮಾಡುವಾಗ ಕಿಟಕಿಗೆ ಬೆನ್ನು ಹಾಕಿ ನಿಲ್ಲಲು ಭಯವಾಗುತ್ತಿತ್ತು. ನಾಚಿಕೆಯಾದರೂ ಹೇಳುತ್ತೇನೆ, ಯಾರೋ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು.

ಆಮೇಲೆ ಬಂತು ನೋಡಿ, ‘ರಾತ್ರಿ ಊಟ ಬಿಟ್ಟರೆ ಆಯಸ್ಸು ಹೆಚ್ಚುತ್ತದೆಯೇ?’ ಎಂಬ ಸುದ್ದಿ. ಪಕ್ಕದಲ್ಲಿ ಅತ್ತೆ. ಮಾವನಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಊಟ ಬಿಡಬಾರದು ಅಂತ ದಿನಾ ಊರಿಗೆಲ್ಲ ಹೇಳುವವಳು ನಾನು, ನನ್ನ ಮಾತು ಮನೆಯಲ್ಲಿ ನಡೆಯಲಿಲ್ಲ. ಆ ರಾತ್ರಿ ಉಪವಾಸ ಮಲಗಿದ ಮಾವ ಬಚ್ಚಲ ಬಾಗಿಲಲ್ಲಿ ಬೆವರಿ ಒದ್ದೆಯಾಗಿ ಕುಸಿದಿದ್ದರು. ಬಾಯಿಗೆ ಸಕ್ಕರೆ ಹಾಕಿ, ಎಚ್ಚರವಾದ ಮೇಲೆ ಬೈದು ಬೈದು ಊಟ ಮಾಡಿಸಿದೆ. ಅಳುತ್ತಲೇ ಉಂಡರು.

ನಮ್ಮ ಮನೆಯಲ್ಲಿ ಆ ನಿಯಮಗಳನ್ನು ಓದಿದ ಮೊದಲನೆಯವಳು ನಾನೇ. ಓದುಗರು ಕಳಿಸಿದ ಚಿತ್ರವನ್ನು ಯಾವ ಸುದ್ದಿಯ ಜೊತೆಗಾದರೂ, ಎಷ್ಟು ಕಾಲವಾದರೂ ಬಳಸುವ ಹಕ್ಕು ಸಂಸ್ಥೆಗಿದೆ. ಇಲ್ಲಿನ ಮಾಹಿತಿ ನಂಬಿ ನಡೆದುಕೊಂಡು ಆಗುವ ಹಾನಿಗೆ ಸಂಸ್ಥೆ ಹೊಣೆಯಲ್ಲ. ಹೊಣೆಯಲ್ಲವಂತೆ! ತಕ್ಷಣ ಸಂಸ್ಥೆಗೆ ಫೋನ್ ಮಾಡಿದೆ. ಕಾನೂನು ವಿಭಾಗದ ಹುಡುಗಿಯೊಬ್ಬಳು ಮಾತಾಡಿದಳು.

“ಅವ್ರು ಒಪ್ಕೊಂಡಿದಾರಲ್ಲ ಮೇಡಂ.”

“ಒಪ್ಕೊಂಡೋರು ತೀರಿಕೊಂಡಿದಾರಮ್ಮ.”

“ಒಪ್ಪಿಗೆಗೆ ಸಾವಿಲ್ಲ ಮೇಡಂ,” ಅಂದಳು. ಪಾಪ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಕೊನೆಗೆ, ತೀರಿಕೊಂಡವರ ಮಗ ಬರೆದುಕೊಟ್ಟರೆ ಮಾನವೀಯತೆಯಿಂದ ತೆಗೆಯುತ್ತೇವೆ ಅಂದಳು. ನನ್ನ ಗಂಡ ಅಪ್ಪನಿಗೆ ಹೇಳದೆ ಹೇಗೆ ಅಂತ ಹಿಂದೆ ಮುಂದೆ ನೋಡಿ, ಬಚ್ಚಲ ಬಾಗಿಲು ನೆನಪಾಗಿ ಸಹಿ ಹಾಕಿದರು.

ವಾರದೊಳಗೆ ಅತ್ತೆ ಮಾಯವಾದರು. ಹಳೆಯ ಸುದ್ದಿಗಳಲ್ಲೂ ಅವರಿದ್ದ ಜಾಗ ಬರೀ ಬೂದು ಚೌಕ. ಮಾವ ಒಂದೊಂದೇ ಸುದ್ದಿ ತೆರೆದು ಹುಡುಕಿದರು. ರಾತ್ರಿ ಮೇಜಿಗೆ ಬಂದು ಮಾತ್ರೆ ನುಂಗಿದರು, ತಟ್ಟೆ ಮಾತ್ರ ದೂರ ಸರಿಸಿದರು.

“ಎಲ್ಲಾ ಕಡೆಯಿಂದ ಎದ್ದು ಹೋಗಿದಾಳೆ. ಊಟ ಬೇಡ ಅಂದಿದ್ಲು, ಅವತ್ತು ನಾನು ಉಂಡುಬಿಟ್ಟೆ. ಅದಕ್ಕೇ ಸಿಟ್ಟು.”

ಗಂಡ ತಟ್ಟೆಯನ್ನು ಮತ್ತೆ ಅವರ ಮುಂದಕ್ಕೆ ಸರಿಸಿದರು. ನನಗೆ ತಡೆಯಲಾಗಲಿಲ್ಲ. “ಮಾವ, ಅತ್ತೆ ಹೋಗಿಲ್ಲ. ನಾನೇ ಫೋನ್ ಮಾಡಿ ತೆಗೆಸಿದ್ದು.”

ಮಾವನಿಗೆ ಕೋಪ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. “ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡಮ್ಮ. ಕೂತ ಜಾಗದಿಂದ ಅವಳನ್ನ ಎಬ್ಬಿಸೋದು ಇಷ್ಟು ವರ್ಷ ನನ್ನ ಕೈಲೇ ಆಗ್ಲಿಲ್ಲ. ನಿನ್ನ ಕೈಲಾಗತ್ತಾ?” ಅಂತ ಎದ್ದು ಹೋಗಿ ಮಲಗಿದರು.

ಮಾತ್ರೆ ಹೊಟ್ಟೆ ಸೇರಿತ್ತು. ಗಂಡ ಹೋಗಿ “ಅಪ್ಪ, ಅಪ್ಪ” ಅಂತ ಗೋಗರೆದರು. ನಾನೂ ಕರೆದೆ. ಗೋಡೆ ಕಡೆ ತಿರುಗಿದವರು ಮಿಸುಕಲಿಲ್ಲ. ಅಡುಗೆಮನೆಗೆ ಬಂದು ನಿಂತೆ. ಯೋಚನೆ ಮಾಡಿ ಆಡಿದ ಮಾತಲ್ಲ ಅದು. ಅತ್ತೆ ರೇಗಿದಾಗ ಎಳೆಯುತ್ತಿದ್ದ ರಾಗದಲ್ಲೇ ಬಾಯಿಂದ ಬಂತು.

“ರೀ, ಎದ್ದು ಬರ್ತೀರೋ, ತಟ್ಟೆ ಎತ್ತಿಡ್ಲೋ?”

ಗಂಡ ಬೆಚ್ಚಿ ನನ್ನ ಕಡೆ ನೋಡಿದರು. ಒಳಗೆ ಮಂಚ ಕಿರುಗುಟ್ಟಿತು. ಮಾವ ಬಂದರು, ಕೂತರು, ಒಂದಗುಳೂ ಬಿಡದೆ ಉಂಡರು. ಕೈ ತೊಳೆಯಲು ಏಳುವ ಮುಂಚೆ, ನನ್ನ ಮುಖ ನೋಡದೆ ಕೇಳಿದರು.

“ಸಿಟ್ಟು ಹೋಯ್ತಾ?”

“ಹೂಂ,” ಅಂದೆ.

ಈಗ ‘ಮಾವ’ ಅಂತ ಕರೆದರೆ ಅವರು ಊಟಕ್ಕೆ ಬರುವುದಿಲ್ಲ.