ತೊಟ್ಟಿ ಉಜ್ಜುವ ಹಕ್ಕು

ನಾಗಾವೊಕಾ ಪೇಟೆಯಲ್ಲಿ ನನ್ನ ಕತ್ತರಿಗೆ ಬಾಗದ ತಲೆಯಿಲ್ಲ. ಬೆಳಿಗ್ಗೆ ನಾನು ಕ್ಷೌರದಂಗಡಿಯ ಬಾಗಿಲು ತೆಗೆದರೆ ಶಿನಾನೊ ನದಿಯೂ ಒಂದು ಗಳಿಗೆ ನಿಂತು, ನನ್ನ ಕನ್ನಡಿಯಲ್ಲಿ ಕ್ರಾಪು ನೋಡಿಕೊಂಡು ಮುಂದೆ ಹರಿಯುತ್ತದೆ ಅಂತ ಜನ ಹೇಳುತ್ತಾರೆ. ಜನ ಹೇಳದ ದಿನ ನಾನೇ ಹೇಳುತ್ತೇನೆ. ಗೆನ್ಸಾಕು ಎಂಬ ಇಂಥ ನನಗೆ ಲೋಕದಲ್ಲಿ ಗೆಳೆಯನೆಂದು ಇರುವವನು ಒಬ್ಬನೇ, ಚಾಪೆ ಹೊಲಿಯುವ ಮೊರಿಯೊ. ಒಂದನೇ ತರಗತಿಯಿಂದ ಜೊತೆಗಿದ್ದೇವೆ. ಆದ್ದರಿಂದ ಅವನು ನನ್ನವನು. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಕಳೆದ ಶರತ್ಕಾಲದಲ್ಲಿ ಒಂದು ಮಧ್ಯಾಹ್ನ ಅಂಗಡಿ ಮುಂದೆ ಅವನ ಪುಟಾಣಿ ಲಾರಿ ಬಂದು ನಿಂತಿತು.

"ಲೇ ಗೆನ್! ಬಿಸಿಲು ಚೆನ್ನಾಗಿದೆ, ಗಾಡಿ ಖಾಲಿ ಇದೆ. ಹತ್ತು!"

"ಎಲ್ಲಿಗೋ?"

"ರಸ್ತೆ ಎಲ್ಲಿಗೆ ಹೋಗುತ್ತೋ ಅಲ್ಲಿಗೆ."

ಕುರ್ಚಿಯಲ್ಲಿ ಒಬ್ಬ ಗಿರಾಕಿ ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದ. ಉಳಿದರ್ಧವನ್ನು ಎರಡೇ ಎಳೆತದಲ್ಲಿ ಮುಗಿಸಿದೆ. ಆ ಕಡೆ ಕೆನ್ನೆಯಲ್ಲಿ ಅವನಿಗೆ ಇವತ್ತಿನವರೆಗೂ ಗಡ್ಡ ಬಂದಿಲ್ಲ, ನನ್ನ ಕತ್ತಿಗೆ ಅಷ್ಟು ಹೆದರಿದೆ.

ಲಾರಿಯ ಮುಂಭಾಗ ಎಷ್ಟು ಇಕ್ಕಟ್ಟೆಂದರೆ ನಾನು ಆಕಳಿಸಿದರೆ ಮೊರಿಯೊನ ಬಾಯಿ ತೆರೆಯುತ್ತಿತ್ತು. ಗದ್ದೆ ಬದುಗಳಲ್ಲಿ ಗಳು ಕಟ್ಟಿ ಭತ್ತದ ಹೊರೆಗಳನ್ನು ತಲೆಕೆಳಗಾಗಿ ಒಣಹಾಕಿದ್ದರು. ಕಾಕಿ ಮರಗಳಲ್ಲಿ ಎಲೆ ಉದುರಿ ಬರೀ ಕೆಂಪು ಹಣ್ಣು ಉಳಿದಿತ್ತು. ನಾವಿಬ್ಬರೂ ಶಾಲೆಯ ಹಾಡು ಕಿರುಚಿದೆವು. ನನ್ನ ದನಿಗೆ ಎರಡು ಬೆಟ್ಟಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವು.

ಆದರೆ ಒಂದು ವಿಷಯ ನನ್ನ ಕಣ್ಣು ತಪ್ಪಲಿಲ್ಲ. ಕವಲು ಬಂದಾಗಲೆಲ್ಲ ನಾನು "ಎಡಕ್ಕೆ" ಅಂದರೆ ಇವನು ಯೋಚನೆಯೇ ಮಾಡದೆ ಬಲಕ್ಕೆ ತಿರುಗಿಸುತ್ತಿದ್ದ.

"ರಸ್ತೆ ಹೋದಲ್ಲಿಗೆ ಅಂದೆಯಲ್ಲೋ? ಈ ರಸ್ತೆ ನಿನ್ನ ಅಂಗೈ ಗೆರೆಯಾ?"

"ಮೇಲೆ ತ್ಸುನೆ ಅಜ್ಜಿ ಮನೆ ಇದೆ. ಇಷ್ಟು ದೂರ ಬಂದಿದೀವಿ, ಒಂದು ಸಲ ಮುಖ ತೋರಿಸಿ ಹೋಗೋಣ."

"ಯಾವ ತ್ಸುನೆ ಅಜ್ಜಿ?"

"ಚಾಪೆ ಹಾಕೋಕೆ ಹೋಗಿ ಹಿಮದಲ್ಲಿ ಸಿಕ್ಕಿಬಿದ್ದಿದ್ದೆನಲ್ಲ ಒಂದ್ಸಲ, ಆಗ ಮನೇಲಿ ಇಟ್ಕೊಂಡಿದ್ದವರು. ಆಗಾಗ ಬರ್ತಿರ್ತೀನಿ."

ಆಗಾಗ! ನನಗೆ ಗೊತ್ತಿಲ್ಲದೆ! ಹೊಟ್ಟೆಯೊಳಗೆ ಯಾರೋ ಇದ್ದಿಲಿನ ಒಲೆ ಹಚ್ಚಿದ ಹಾಗಾಯಿತು. ಆ ಉರಿಯಲ್ಲಿ ಇಡೀ ಊರಿಗೆ ಮೀನು ಸುಡಬಹುದಿತ್ತು.

ಅಜ್ಜಿ ಬಾಗಿಲಲ್ಲೇ ಮೂಲಂಗಿ ತೊಳೆಯುತ್ತಿದ್ದಳು. ಮೊರಿಯೊನನ್ನು ನೋಡಿ, "ಬಂದ್ಯಾ? ಬಾಗಿಲು ಎಳ್ಕೊಂಡು ಬಾ, ಚಳಿ ಒಳಗೆ ಬರುತ್ತೆ" ಅಂದಳು, ಅಷ್ಟೆ. ನನ್ನನ್ನು ನೋಡಿದ್ದೇ ತಡ ಕೈ ಒರೆಸಿಕೊಂಡು, ನೆಲಕ್ಕೆ ಹಣೆ ತಾಗುವಷ್ಟು ಬಾಗಿದಳು. "ಬನ್ನಿ ಬನ್ನಿ, ನಮ್ಮದು ಕೊಳಕು ಮನೆ, ದಯಮಾಡಿ ಒಳಗೆ ಬನ್ನಿ." ಚಿತ್ರಪಟ ತೂಗುಹಾಕಿದ್ದ ಗೂಡಿನ ಮುಂದೆ, ಮನೆಯ ಅತಿ ಗೌರವದ ಜಾಗದಲ್ಲಿ, ಅತಿ ದಪ್ಪ ದಿಂಬಿನ ಮೇಲೆ ನನ್ನನ್ನು ಕೂರಿಸಿದಳು.

ನೋಡಿದೆಯಾ ಮೊರಿಯೊ, ಅಂದುಕೊಂಡೆ. ನೀನು ಆಗಾಗ ಬಂದು ಗಳಿಸದ್ದನ್ನು ನಾನು ಚಪ್ಪಲಿ ಬಿಡುವಷ್ಟರಲ್ಲಿ ಗಳಿಸಿದೆ.

"ನೀರು ಕಾದಿದೆ. ಮೊದಲು ತಾವು" ಅಂದಳು ಅಜ್ಜಿ.

ಮೊದಲ ಸ್ನಾನ! ತೊಟ್ಟಿಯ ಹೊರಗೇ ಮೈಯುಜ್ಜಿ ತೊಳೆದುಕೊಂಡು ಒಳಗಿಳಿದೆ. ಆಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಇಳಿಯುವ, ಇನ್ನೂ ಯಾರ ಮೈಯೂ ಸೋಕದ ನೀರು. ಹಬೆ ಎಷ್ಟು ದಟ್ಟವಾಗಿತ್ತೆಂದರೆ ಬಾಚಣಿಗೆಯಿಂದ ಬೈತಲೆ ತೆಗೆದು ದಾರಿ ಹುಡುಕಿದೆ. ಒಳಗಿದ್ದಷ್ಟು ಹೊತ್ತೂ ಮೊರಿಯೊನ ಮುಖ ಎಷ್ಟು ಸಣ್ಣದಾಗಿರಬಹುದೆಂದು ಲೆಕ್ಕ ಹಾಕಿದೆ.

ಊಟಕ್ಕೆ ಕೂತಾಗ ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು.

ನನಗೆ ಮುಚ್ಚಳವಿದ್ದ ಮೆರುಗಿನ ಬಟ್ಟಲು, ಕಾಗದದ ಚೀಲದಲ್ಲಿ ಉಣ್ಣಲು ಹೊಸ ಕಡ್ಡಿಗಳು. ಮೊರಿಯೊ ಎದ್ದು ಕಪಾಟು ತೆಗೆದು, ನೀಲಿ ಗೆರೆಯ ಒಂದು ಬಟ್ಟಲನ್ನು ಕಣ್ಣು ಮುಚ್ಚಿಕೊಂಡೇ ಎತ್ತಿಕೊಂಡ. ಡಬ್ಬಿಯಿಂದ ತುದಿ ಸವೆದ ಒಂದು ಜೊತೆ ಕಡ್ಡಿ ಎಳೆದ. ಅವನವೇ! ಅನ್ನವನ್ನೂ ತಾನೇ ಬಡಿಸಿಕೊಂಡ. ಅಜ್ಜಿಯ ಮಗ ಕಜುಮಿಚಿ ಅವನ ತಟ್ಟೆಯಿಂದ ಉಪ್ಪಿನ ಸೊಪ್ಪು ಕದ್ದ. ಇವನು ಕಜುಮಿಚಿಯ ಮೊಣಕೈಗೆ ಹೊಡೆದ. ನನ್ನ ತಟ್ಟೆಯನ್ನು ಯಾರೂ ಮುಟ್ಟಲಿಲ್ಲ.

"ಕಜು, ನೀನು ಸ್ನಾನ ಮುಗಿಸು" ಅಂದಳು ಅಜ್ಜಿ. "ಆಮೇಲೆ ನಾನು. ಮೊರಿ ಕೊನೆಗೆ."

ಮೊರಿ ಕೊನೆಗೆ. ಬಾಯಲ್ಲಿದ್ದ ಹೊಸ ಅಕ್ಕಿಯ ಅನ್ನ ಮರಳಾಯಿತು. ಮೊದಲ ನೀರು ಯಾರಿಗೆ? ಹೊರಗಿನವನಿಗೆ. ಉಳಿದ ನೀರು ಯಾರಿಗೆ? ಮನೆಯವರಿಗೆ. ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಈ ಕ್ರಮ ನನ್ನಂಥ ಮಹಾ ಬುದ್ಧಿವಂತನಿಗೆ ಹೊಳೆದಿರಲಿಲ್ಲ. ಅದಕ್ಕಿಂತ ಉರಿದದ್ದು ಬೇರೆ: ಮೊರಿಯೊ ನಮ್ಮ ಮನೆಯಲ್ಲಿ ಉಳಿದಾಗಲೆಲ್ಲ, ಗೌರವವೆಂದುಕೊಂಡು, ಅವನಿಗೇ ಮೊದಲ ಸ್ನಾನ ಬಿಟ್ಟುಕೊಡುತ್ತ ಬಂದವನು ನಾನೇ.

"ಅಮ್ಮಾ, ಕೊನೆಗೆ ನಾನು ಇನ್ನೊಂದು ಸಲ ಇಳೀತೀನಿ" ಅಂದೆ.

"ಅಯ್ಯೋ, ತಾವಾ? ತಣ್ಣಗಾದ ನೀರಿಗೆ?"

"ನಮ್ಮ ವಂಶದವರಿಗೆ ಎರಡು ಸ್ನಾನ ಆಗದಿದ್ರೆ ಮೈ ತುರಿಸುತ್ತಮ್ಮಾ. ನಮ್ಮ ತಾತ ತುರಿಸಿಕೊಂಡೇ ತೀರಿಹೋದ."

"ನಿಮ್ಮ ತಾತ ಹೋದ ವಾರ ಬೈಸಿಕಲ್ ಮೇಲೆ ಹೋಗ್ತಿದ್ರಲ್ಲೋ" ಅಂದ ಮೊರಿಯೊ.

ಕಜು, ಅಜ್ಜಿ ಇಬ್ಬರ ಸ್ನಾನ ಮುಗಿದ ಮೇಲೆ ಬಚ್ಚಲ ಬಾಗಿಲಲ್ಲಿ ನಾವಿಬ್ಬರೂ ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತೆವು.

"ನೀನು ಹೋಗು."

"ಇಲ್ಲ, ನೀನು ಹೋಗು. ನೀನು ಅತಿಥಿ."

"ಇನ್ನೊಂದು ಸಲ ಅತಿಥಿ ಅಂದ್ರೆ ಮುಂದಿನ ಕ್ಷೌರದಲ್ಲಿ ಕಿವಿ ಹೋಗುತ್ತೆ ನೋಡು!"

ಅವನು ನನ್ನನ್ನು ವಿಚಿತ್ರವಾಗಿ ನೋಡಿ, ನಗುತ್ತ ಒಳಗೆ ಹೋದ. ಬೇಗನೇ ಬಂದ. ಕೊನೆಗೂ ಕೊನೆಯವನು ನಾನು!

ನೀರು ಕಪ್ಪೆಗೂ ಬೇಡವಾಗುವಷ್ಟು ಉಗುರುಬೆಚ್ಚಗಿತ್ತು. ಚಕ್ರವರ್ತಿಯಂತೆ ಕೂತೆ. ಎದ್ದು ಬಿರಡೆ ಕಿತ್ತೆ. ಕೊನೆಯವನೇ ತೊಟ್ಟಿ ತೊಳೆಯಬೇಕಲ್ಲ, ಸೊಂಟಕ್ಕೆ ಟವೆಲ್ ಸುತ್ತಿ, ಮಂಡಿಯೂರಿ, ಬ್ರಷ್ ಹಿಡಿದು ಉಜ್ಜತೊಡಗಿದೆ. ಆ ಸದ್ದಿಗೆ ಕಣಿವೆಯ ಕರಡಿಗಳು ಚಳಿನಿದ್ದೆ ಮುಂದಕ್ಕೆ ಹಾಕಿದವಂತೆ.

ಬಾಗಿಲು ಸರ್ರನೆ ಸರಿಯಿತು. ಅಜ್ಜಿ.

"ಏ, ಏನೋ ಅದು? ಮರದ ಎಳೆಗೆ ಅಡ್ಡಡ್ಡ ಉಜ್ಜುತ್ತಾರೇನೋ? ಉದ್ದಕ್ಕೆ ಉಜ್ಜು! ಮೂಲೆ ಯಾರು ತೊಳೀತಾರೆ, ನಿಮ್ಮಪ್ಪನಾ? ಕೂದಲು ಕತ್ತರಿಸೋ ಕೈಯಂತೆ, ಕರ್ಮ!"

ನನ್ನ ಕಣ್ಣಲ್ಲಿ ನೀರು ಬಂತು. ಸೋಪಿನದು.

"ಹ್ಞೂಂ ಅಮ್ಮಾ" ಅಂದೆ.

ಮರುದಿನ ಲಾರಿ ಬೆಟ್ಟ ಇಳಿಯುವಾಗ ನಾನು ಶಾಲೆಯ ಹಾಡು ಶುರು ಮಾಡಿದೆ, ಮೊರಿಯೊ ಸೇರಲಿಲ್ಲ. ಭತ್ತದ ಗಳುಗಳು ದಾಟಿದ ಮೇಲೆ ಗೊಣಗಿದ:

"ನನ್ನ ಕೈಗೆ ಅಜ್ಜಿ ಇವತ್ತಿನವರೆಗೂ ಬ್ರಷ್ ಕೊಟ್ಟಿಲ್ಲ ಕಣೋ. 'ಬಿಡು, ಬೆಳಿಗ್ಗೆ ಕಜು ಉಜ್ಜುತ್ತಾನೆ' ಅಂತಾಳೆ."

ನನಗೆ ಆದ ಸಂತೋಷಕ್ಕೆ ಲಾರಿ ನೆಲ ಬಿಟ್ಟು ಒಂದು ಮಾರು ಮೇಲೆದ್ದಿತು. ಆದರೂ ಆ ನೀಲಿ ಬಟ್ಟಲು ಕಣ್ಣ ಮುಂದೆ ಬಂದು ಹೊಟ್ಟೆಯ ಒಲೆ ಮತ್ತೆ ಹೊತ್ತಿತು.

"ಶನಿವಾರ ನಮ್ಮನೆಗೆ ಬಾ" ಅಂದೆ. "ಸ್ನಾನ ನಿನಗೇ ಕೊನೆಗೆ. ತೊಟ್ಟಿ ನೀನೇ ಉಜ್ಜಬೇಕು."

ಅವನು ಗೇರು ಬದಲಿಸಿದ. ಕಿವಿ ಕೆಂಪಾಗಿತ್ತು.

"ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತೇನೋ ನಿನಗೆ?"

"ಉದ್ದಕ್ಕೆ ಉಜ್ಜಬೇಕು, ಅಡ್ಡಡ್ಡ ಅಲ್ಲ. ತಪ್ಪಿದರೆ ಆ ಅಜ್ಜಿಗಿಂತ ಚೆನ್ನಾಗಿ ಬೈತೀನಿ."

"ನಿಮ್ಮನೆ ತೊಟ್ಟಿ ಪ್ಲಾಸ್ಟಿಕ್ಕಿನದು ಕಣೋ."

"ಆದರೂ ಬೈತೀನಿ" ಅಂದೆ.